ಹದಿನೆಂಟು ವರ್ಷದ ಅತಿಥಿ

ಅವರ ಬಲಗೈಯ ತೋರುಬೆರಳು ಮತ್ತು ನಡುಬೆರಳು ಅರ್ಧಕ್ಕೇ ಮುಗಿದಿದ್ದವು. ಕುದೇರಿನಲ್ಲಿ ಅವರಪ್ಪನ ಆಲೆಮನೆ ಇತ್ತಂತೆ. ಚಿಕ್ಕಂದಿನಲ್ಲಿ ಆಟಕ್ಕೆಂದು ಗಾಣಕ್ಕೆ ಕಬ್ಬು ಕೊಡಲು ಹೋಗಿ ಬೆರಳನ್ನೂ ಕೊಟ್ಟು ಬಂದಿದ್ದರು. ಸೀಮೆಸುಣ್ಣವನ್ನು ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು, ಮೊಣಕೈ ಸ್ವಲ್ಪ ಮೇಲೆತ್ತಿ, ಬೋರ್ಡಿನ ಮೇಲೆ ಪ್ರಪಂಚದ ನಕ್ಷೆ ಬರೆಯುತ್ತಿದ್ದರು. ಯಾವ ಪುಸ್ತಕವನ್ನೂ ನೋಡುತ್ತಿರಲಿಲ್ಲ. ಆಫ್ರಿಕಾ ಒಂದೇ ಗೆರೆಯಲ್ಲಿ ಬಂದುಬಿಡುತ್ತಿತ್ತು. ಇಂಡಿಯಾ ಮಾತ್ರ ಪ್ರತಿಸಲವೂ ಬಡಕಲಾಗಿ ಬರುತ್ತಿತ್ತು. ನಾವು ನಕ್ಕರೆ, "ಊಟ ಕಮ್ಮಿ ಆಗಿದೆ ಬುಡ್ರಪ್ಪ" ಎಂದು ಹೇಳಿ ಪಾಠಕ್ಕೆ ಹೋಗುತ್ತಿದ್ದರು.

ನಾನು ಬಿ.ಎ. ಓದಿದ್ದು ಚಾಮರಾಜನಗರದಲ್ಲಿ. ಅವರು ಅಲ್ಲಿ ನಮಗೆ ರಾಜ್ಯಶಾಸ್ತ್ರ ಹೇಳಿಕೊಟ್ಟ ಸರ್. ಕಾಗದದ ಮೇಲೆ ಅವರು ಉಪನ್ಯಾಸಕರಲ್ಲ, ಅತಿಥಿ ಉಪನ್ಯಾಸಕರು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು; ಪಟ್ಟಿಯಲ್ಲಿ ಹೆಸರು ಬಂದರೆ ಆ ವರ್ಷ ಪಾಠ, ಇಲ್ಲದಿದ್ದರೆ ಇಲ್ಲ. ಹೀಗೆ ಅವರು ಹದಿನೆಂಟು ವರ್ಷ ಅತಿಥಿಯಾಗಿದ್ದರು. ಮೊದಮೊದಲು ಚಾಮರಾಜನಗರ, ಅಲ್ಲಿಗೆ ಖಾಯಂ ಅಧ್ಯಾಪಕರು ಬಂದ ಮೇಲೆ ಗುಂಡ್ಲುಪೇಟೆ ಕಡೆಯ ಇನ್ನೊಂದು ಕಾಲೇಜು.

ನಮ್ಮೂರಿಗೆ ಹರದನಹಳ್ಳಿ ದಾಟಿ ಒಳಗೆ ಹೋಗಬೇಕು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಅಮ್ಮ ಕೂಲಿಗೆ ಹೋಗುತ್ತಿದ್ದಳು. ನಾನು ರಾಜ್ಯಶಾಸ್ತ್ರವನ್ನು ಆಸೆಪಟ್ಟು ಆರಿಸಿಕೊಂಡವಳಲ್ಲ. ಇತಿಹಾಸದ ಜೊತೆಗೆ ಅದೇ ಬರುತ್ತಿತ್ತು, ತೆಗೆದುಕೊಂಡೆ. ಮೊದಲ ತರಗತಿಗೆ ಬಂದ ಸರ್ ಹಾಜರಿ ಕೂಗಲಿಲ್ಲ, ಹೆಸರು ಕೇಳಲಿಲ್ಲ. ಬಾಗಿಲಲ್ಲೇ ನಿಂತು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು.

"ಫ್ಯಾನು ಎರಡವೆ. ಎರಡರ ಕೆಳಗೂ ಹುಡುಗ್ರೇ ಕೂತವ್ರೆ. ಅಲ್ಲೇ ಕೂತ್ಕಳಿ ಅಂತ ನಿಮಗೆ ಯಾರ್ ಹೇಳಿದ್ರು?"

ಯಾರೂ ಹೇಳಿರಲಿಲ್ಲ.

"ಆ ಗೋಡೆ ಪಕ್ಕ ಕೂತಿರೋ ಹೆಣ್ಮಕ್ಳೆ, ನೀವು ಹಿಂದಕ್ಕೋಗಿ ಅಂತ ಯಾರಾದ್ರೂ ಹೇಳಿದ್ರಾ?"

ನಮಗೂ ಯಾರೂ ಹೇಳಿರಲಿಲ್ಲ.

"ಯಾರೂ ಹೇಳ್ದೇನೆ ಎಲ್ಲರೂ ಅವರವರ ಜಾಗಕ್ಕೆ ಹೋಗಿ ಕೂತ್ಬುಟ್ರಲ್ಲ, ಅದಕ್ಕೇ ಅಧಿಕಾರ ಅನ್ನದು. ಬಾಯಲ್ಲಿ ಹೇಳಿ ಮಾಡ್ಸದು ಅದ್ರಲ್ಲಿ ಸಣ್ಣದು. ಈ ವಿಷಯ ಓದಕ್ಕೆ ಮೂರು ವರ್ಷ ಬೇಕು. ಇವತ್ತು ಇಷ್ಟು ಸಾಕು."

ಮಾರನೆಯ ದಿನ ನಾವು ನಾಲ್ವರು ಹುಡುಗಿಯರು ಬೇಗ ಹೋಗಿ ಫ್ಯಾನಿನ ಕೆಳಗೆ ಕುಳಿತೆವು. ಸರ್ ಒಳಗೆ ಬಂದು ನಮ್ಮನ್ನು ನೋಡಿದರು. ಫ್ಯಾನಿನ ಸ್ವಿಚ್ಚು ಹಾಕಿ ಪಾಠ ಶುರುಮಾಡಿದರು.

ತರಗತಿ ಇಲ್ಲದ ಹೊತ್ತಿನಲ್ಲಿ ಅವರು ಬಸ್ ನಿಲ್ದಾಣದ ಹತ್ತಿರ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಪೇಪರ್ ಹಿಡಿದು ಕುಳಿತಿರುತ್ತಿದ್ದರು. ವಿದೇಶದ ಸುದ್ದಿ ಇರುವ ಪುಟವನ್ನು ಮೊದಲು ಓದಿ, ಮುಖಪುಟವನ್ನು ಕೊನೆಗೆ ಓದುವ ಅಭ್ಯಾಸ. ಆಗ ದೂರದ ಎರಡು ದೇಶಗಳ ನಡುವೆ ಯುದ್ಧ ಶುರುವಾಗಿತ್ತು. ಒಂದು ದಿನ ನಾನು ಬಸ್ಸಿಗೆ ಕಾಯುತ್ತಿದ್ದಾಗ ಅಂಗಡಿಯವರು ಗ್ಲಾಸು ತೊಳೆಯುತ್ತಾ ಕೇಳಿದರು: "ಅವ್ರೆಲ್ಲೋ ಬಡ್ದಾಡ್ಕಂಡ್ರ ನಮ್ಗೇನ್ ಸಾ? ನೀವ್ಯಾಕ್ ಇಷ್ಟ್ ತಲ ಕೆಡುಸ್ಕಂಡಿದ್ದೀರಿ?"

ಸರ್ ಪೇಪರ್ ಇಳಿಸಲಿಲ್ಲ. "ನಿನ್ನ ಬಾಣಲೆಗೆ ಯಾವ್ ಎಣ್ಣೆ ಹಾಕ್ತೀಯೆ?"

"ಸೂರ್ಯಕಾಂತಿದು."

"ಹೋದ್ ತಿಂಗ್ಳು ಎಷ್ಟಕ್ ತಂದೆ, ಈ ತಿಂಗ್ಳು ಎಷ್ಟಕ್ ತಂದೆ?"

ಅಂಗಡಿಯವರು ಗ್ಲಾಸು ಹಿಡಿದುಕೊಂಡು ಹಾಗೇ ನಿಂತರು. "ಅಯ್ಯೋ, ಅದ್ಕೂ ಇದ್ಕೂ ಸಂಬಂಧ ಇದ್ದದಾ?"

"ಅದೇ ಕಣಪ್ಪ ನಾನು ಮಕ್ಳಿಗೆ ಹೇಳೋ ಪಾಠ" ಎಂದು ಸರ್ ಪುಟ ತಿರುಗಿಸಿದರು.

ಅಂತರರಾಷ್ಟ್ರೀಯ ಸಂಬಂಧಗಳ ಪಾಠಕ್ಕೆ ಬಂದಾಗ ಅವರು ಚೀಟಿ ಬರೆದು ಒಬ್ಬೊಬ್ಬರಿಗೆ ಒಂದೊಂದು ದೇಶ ಹಂಚಿದರು. ಆ ಆರು ತಿಂಗಳು ನಾವು ಆ ದೇಶವಾಗಿಯೇ ತರಗತಿಯಲ್ಲಿ ಕುಳಿತುಕೊಳ್ಳಬೇಕು, ಕೊನೆಗೆ ಒಂದು ಸಭೆ ನಡೆಯುತ್ತದೆ, ಅಲ್ಲಿ ಪ್ರತಿ ದೇಶವೂ ಮಾತಾಡಬೇಕು. ಟೌನಿನ ಹುಡುಗನೊಬ್ಬನಿಗೆ ಅಮೆರಿಕ ಬಂತು. ನನಗೆ ಮಾಲ್ಡೀವ್ಸ್. ನಾನು ಆವರೆಗೆ ಸಮುದ್ರವನ್ನೇ ನೋಡಿರಲಿಲ್ಲ.

ಸಭೆಯ ದಿನ ನನ್ನ ಸರದಿ ಬಂದಾಗ ಎದ್ದು ನಿಂತೆ. ಬರೆದು ತಂದಿದ್ದ ಹಾಳೆ ಬಿಚ್ಚಿ ಮೊದಲ ಸಾಲನ್ನೇ ಮತ್ತೆ ಮತ್ತೆ ನೋಡಿದೆ. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ಅಮೆರಿಕದ ಹುಡುಗ, "ಕೂತ್ಕ ಬುಡಮ್ಮಿ, ನಿಮ್ದು ಸಣ್ ದೇಶ, ಮುಳುಗೋಯ್ತದೆ" ಎಂದ. ಎಲ್ಲರೂ ನಕ್ಕರು.

ಸರ್ ಮೇಜು ತಟ್ಟಿದರು. "ಇಲ್ಲಿ ಸಣ್ಣ ದೇಶಕ್ಕೂ ಒಂದೇ ವೋಟು, ದೊಡ್ಡ ದೇಶಕ್ಕೂ ಒಂದೇ ವೋಟು. ಮಾಲ್ಡೀವ್ಸ್ ಮಾತಾಡಿ ಮುಗಿಸೋವರೆಗೂ ಅಮೆರಿಕ ಬಾಯಿ ಮುಚ್ಕೊಂಡು ಕಾಯ್ಬೇಕು." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಿಧಾನಕ್ಕೆ ಹೇಳಮ್ಮಿ. ನಾನು ಬಸ್ ಬುಟ್ಟರೂ ಪರವಾಗಿಲ್ಲ" ಎಂದರು.

ನಾನು ಮಾತಾಡಿದೆ. ನಮ್ಮ ನೆಲ ಮುಳುಗುತ್ತಿದೆ, ಅದನ್ನು ಮುಳುಗಿಸುತ್ತಿರುವವರು ನಾವಲ್ಲ ಎಂದು ಹಾಳೆ ನೋಡದೆ ಹೇಳಿದೆ. ಅವರು ನಿಜವಾಗಿಯೂ ಅವತ್ತು ಗುಂಡ್ಲುಪೇಟೆ ಬಸ್ಸು ತಪ್ಪಿಸಿಕೊಂಡರು.

ಎರಡನೆಯ ವರ್ಷ ಪಂಚಾಯತಿ ವ್ಯವಸ್ಥೆಯ ಪಾಠ ನಡೆಯುತ್ತಿತ್ತು. ಹೆಣ್ಣುಮಕ್ಕಳಿಗೆ ಅರ್ಧದಷ್ಟು ಸ್ಥಾನ ಮೀಸಲು ಎಂದು ಸರ್ ಹೇಳುತ್ತಿದ್ದಾಗ ನನ್ನ ಪಕ್ಕದವಳು, "ಇವ್ಳಮ್ಮನೂ ಮೆಂಬರು ಸರ್" ಎಂದುಬಿಟ್ಟಳು.

"ಹೌದಾ? ಏನೇನ್ ಕೆಲಸ ಮಾಡ್ಸವ್ರೆ ನಿಮ್ಮಮ್ಮ?"

"ಸೈನ್ ಹಾಕ್ತಾರೆ ಸರ್."

ತರಗತಿ ಗೊಳ್ಳೆಂದಿತು. ಸರ್ ನಗಲಿಲ್ಲ. ನನ್ನನ್ನು ಹೊರಗೆ ಕರೆದು ವಿಷಯ ಕೇಳಿದರು. ನಾನು ಇದ್ದದ್ದನ್ನು ಹೇಳಿದೆ. ನಮ್ಮ ವಾರ್ಡು ಮೀಸಲಾದಾಗ ಅಮ್ಮ ಯಾರ ಹೊಲದಲ್ಲಿ ಕೂಲಿ ಮಾಡುತ್ತಿದ್ದಳೋ ಆ ಜಮೀನ್ದಾರರೇ ಅವಳನ್ನು ನಿಲ್ಲಿಸಿ ಗೆಲ್ಲಿಸಿದ್ದರು. ಪಂಚಾಯತಿ ಸಭೆ ಮುಗಿದ ಮೇಲೆ ಅವರ ಮಗ ಬೈಕಿನಲ್ಲಿ ನಡಾವಳಿ ಪುಸ್ತಕ ತಂದು ಹೊಲದ ಬದುವಿನ ಮೇಲಿಡುತ್ತಿದ್ದ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ಅವಳಿಗೆ ಬರೆಯಲು ಬರುತ್ತಿದ್ದ ತನ್ನ ಹೆಸರಿನ ಮೂರಕ್ಷರ ಬರೆದು ಮತ್ತೆ ಕಳೆಗೆ ಬಗ್ಗುತ್ತಿದ್ದಳು.

ಆ ಭಾನುವಾರ ಸರ್ ನಮ್ಮ ಮನೆಗೆ ಬಂದರು. ಬಸ್ಸಿಳಿದು ಬಿಸಿಲಲ್ಲಿ ನಡೆದುಕೊಂಡು ಬಂದಿದ್ದರು. ಅಮ್ಮ ಗಾಬರಿಯಾಗಿ ಪಕ್ಕದ ಮನೆಯಿಂದ ಕುರ್ಚಿ ತರಿಸುವಷ್ಟರಲ್ಲಿ ಅವರು ಜಗಲಿಯ ಮೇಲೆ ಕುಳಿತಾಗಿತ್ತು.

"ಮೆಂಬರಮ್ಮ, ನೀವು ಸೈನ್ ಹಾಕೋ ಪುಸ್ತಕದಲ್ಲಿ ಏನ್ ಬರೆದಿರ್ತಾರೆ?"

"ಅದ್ಯಾರ್ಗ್ ಗೊತ್ತು ಮೇಷ್ಟ್ರೆ?"

ಸರ್ ಅಮ್ಮ ಕೊಟ್ಟ ಟೀ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು, "ಜಗಳ ಆಡ್ಬೇಡಿ. ಒಂದೇ ಒಂದ್ ಮಾತು ಹೇಳಿ. ಓದಿ ಹೇಳಪ್ಪ, ಆಮೇಲೆ ಹಾಕ್ತೀನಿ. ಅಷ್ಟೇ" ಎಂದರು.

ಅಮ್ಮ ಆ ಮಾತನ್ನು ನಾಲ್ಕು ದಿನ ಅಭ್ಯಾಸ ಮಾಡಿದಳು. ಮುದ್ದೆ ತೊಳಸುವಾಗ, ನೀರು ಹೊರುವಾಗ, "ಓದಿ ಏಳಪ್ಪ, ಆಮೇಲ ಆಕ್ತಿನಿ" ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಐದನೆಯ ದಿನ ಬದುವಿನ ಮೇಲೆ ನಿಂತು ಹೇಳಿಯೇಬಿಟ್ಟಳು. ಜಮೀನ್ದಾರರ ಮಗ ತಮಾಷೆ ಎಂದುಕೊಂಡು ನಕ್ಕನಂತೆ. ಅಮ್ಮ ಪೆನ್ನನ್ನು ಪುಸ್ತಕದ ಮೇಲಿಟ್ಟು ಕೈ ಕಟ್ಟಿ ನಿಂತಳು. ಕೊನೆಗೆ ಅವನು ರೇಗಿಕೊಂಡು ಓದಿದ. ನಮ್ಮ ಬೀದಿಗೆ ಕುಡಿಯುವ ನೀರಿನ ಪೈಪು ಎರಡು ಸಲ ಹಾಕಿಸಿದ್ದಾಗಿ ಅದರಲ್ಲಿ ಬರೆದಿತ್ತು. ನಮ್ಮ ಬೀದಿಯಲ್ಲಿ ಪೈಪೇ ಇರಲಿಲ್ಲ. ಅಮ್ಮ ಸೈನ್ ಹಾಕಲಿಲ್ಲ.

ಮಾರನೆಯ ದಿನದಿಂದ ಅವಳನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಆ ಒಂದು ಮನೆಯವರಷ್ಟೇ ಅಲ್ಲ, ಊರಿನ ಯಾರೂ. ಬೆಳಿಗ್ಗೆ ಜೊತೆಯಲ್ಲಿ ಹೋಗುತ್ತಿದ್ದ ಹೆಂಗಸರು ನಮ್ಮ ಬಾಗಿಲ ಮುಂದೆ ಬಂದಾಗ ಮಾತು ನಿಲ್ಲಿಸಿ, ಹೆಜ್ಜೆ ಜೋರು ಮಾಡಿ ಹೋಗುತ್ತಿದ್ದರು. ಎರಡು ತಿಂಗಳು ಹೀಗೆ ಕಳೆಯಿತು. ನಾನು ಕಾಲೇಜು ಬಿಟ್ಟು ಟೌನಿನ ಬಟ್ಟೆ ಅಂಗಡಿಗೆ ಸೇರುವುದೆಂದು ತೀರ್ಮಾನಿಸಿದೆ. ವಾರವಿಡೀ ನಾನು ಬಾರದ್ದನ್ನು ಕಂಡು ಸರ್ ಮತ್ತೆ ಊರಿಗೆ ಬಂದರು.

ಈ ಸಲ ಅವರು ಕುಳಿತುಕೊಳ್ಳಲಿಲ್ಲ. ಬಾಗಿಲ ಹೊರಗೆ ನಿಂತು ಅಮ್ಮನಿಗೆ ಕೈಮುಗಿದರು.

"ಪಾಠದ ಪುಸ್ತಕದಲ್ಲಿರೋದ ಹೇಳ್ಬುಟ್ಟು ನಾನು ಬಸ್ ಹತ್ಕಂಡು ಹೊಂಟೋದೆ. ಇಲ್ಲೇ ಬಾಳೋರು ನೀವು. ಅದ ನಾನು ಯೋಚ್ನೆ ಮಾಡ್ನಿಲ್ಲ. ನನ್ನಿಂದ ತಪ್ಪಾಯ್ತು ಕಣವ್ವ."

ಅವರ ಜಾತಿಯವರು, ಹೊಲಮನೆ ಇದ್ದವರು, ನಮ್ಮ ಬೀದಿಯಲ್ಲಿ ನಿಂತು ಯಾರಿಗೂ ಕೈಮುಗಿದದ್ದನ್ನು ನಾನು ನೋಡಿರಲಿಲ್ಲ. ಅಮ್ಮನೂ ನೋಡಿರಲಿಲ್ಲ. ಅವಳು ಓಡಿಹೋಗಿ, "ಅಯ್ಯೋ, ಮದ್ಲು ಕೈ ಇಳ್ಸಿ ಮೇಷ್ಟ್ರೆ" ಎಂದಳು. "ನೀವೇನ್ ಸುಳ್ ಏಳ್ಕೊಟ್ರಾ? ಕೂಲಿ ಇಲ್ಲಿ ಇಲ್ದಿದ್ರ ಇನ್ನೊಂದ್ಕಡ ಸಿಕ್ತದ. ನಾನ್ ಏನ್ಕ ಸೈನ್ ಆಕ್ತಿದ್ದಿ ಅಂತ ನಂಗ್ ಗೊತ್ತಾಯ್ತಲ್ಲ, ಅಷ್ಟ್ ಸಾಕು ಬುಡಿ."

ಸರ್ ಹದಿನೈದು ದಿನ ಅಲ್ಲಿ ಇಲ್ಲಿ ವಿಚಾರಿಸಿ ಟೌನಿನ ಒಂದು ಹಾಸ್ಟೆಲಿನಲ್ಲಿ ಅಮ್ಮನಿಗೆ ಅಡುಗೆ ಕೆಲಸ ಕೊಡಿಸಿದರು. ನಾನು ಕಾಲೇಜಿಗೆ ವಾಪಸಾದೆ. ಪೈಪು ಬಂದದ್ದು ಒಂದು ವರ್ಷದ ನಂತರ. ಆಮೇಲೆ ಆ ಪಾಠ ಮಾಡುವಾಗಲೆಲ್ಲ ಅವರು ಒಂದು ಮಾತು ಸೇರಿಸುತ್ತಿದ್ದರೆಂದು ನನ್ನ ನಂತರದ ಬ್ಯಾಚಿನವರು ಹೇಳಿದರು: "ಪುಸ್ತಕದಲ್ಲಿ ಹೀಗಿದೆ. ಹೀಗೇ ಮಾಡಿದ್ರೆ ಏನಾಯ್ತದೆ ಅಂತ ಬರೆದೋರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಮೈಸೂರಿನಲ್ಲಿ ಎಂ.ಎ. ಓದು ಎಂದು ದುಂಬಾಲು ಬಿದ್ದವರೂ ಅವರೇ. ಕಾಲೇಜಿನಲ್ಲಿ ಖಾಯಂ ಆಗಿ ಪಾಠ ಮಾಡಲು ಅರ್ಹತಾ ಪರೀಕ್ಷೆಯೊಂದು ಪಾಸಾಗಬೇಕು. ಅದನ್ನು ಅವರು ಆರು ಸಲ ಬರೆದು ಆರು ಸಲವೂ ಸ್ವಲ್ಪದರಲ್ಲಿ ಫೇಲಾಗಿದ್ದರು. ನಾನು ಮೊದಲ ಸಲ ಬರೆದಾಗ ಅವರು ಏಳನೆಯ ಸಲ ಬರೆಯುತ್ತಿದ್ದರು. ಮೂರು ತಿಂಗಳು ದಿನಾ ಬೆಳಿಗ್ಗೆ ಕಾಲೇಜಿಗೆ ಹೋಗುವ ಬಸ್ಸಿನಿಂದ ಫೋನ್ ಮಾಡುತ್ತಿದ್ದರು. ಹಿನ್ನೆಲೆಯಲ್ಲಿ ಕಂಡಕ್ಟರ್ ಸೀಟಿ, ಅದರ ನಡುವೆ ಅವರ ಪ್ರಶ್ನೆ: "ರಾಜ್ಯಕ್ಕೂ ಸರ್ಕಾರಕ್ಕೂ ಏನ್ ವ್ಯತ್ಯಾಸ, ಎರಡು ವಾಕ್ಯದಲ್ಲಿ ಹೇಳು."

ಇಬ್ಬರಿಗೂ ಒಂದೇ ಪರೀಕ್ಷಾ ಕೇಂದ್ರ ಬಂದಿತ್ತು. ಅವರ ಹೆಂಡತಿ ಎರಡು ಡಬ್ಬಿ ಚಿತ್ರಾನ್ನ ಕಟ್ಟಿ ಕಳಿಸಿದ್ದರು, ಒಂದು ಅವರಿಗೆ, ಒಂದು ನನಗೆ. ಪರೀಕ್ಷೆ ಮುಗಿದು ಗೇಟಿನ ಹತ್ತಿರ ಮರದ ಕೆಳಗೆ ಕುಳಿತಾಗ ಅವರು ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತಿದ್ದರು.

"ಹೇಗಾಯ್ತು ಸರ್?"

"ಕೊನೇ ಹದಿನೈದು ಪ್ರಶ್ನೆ ಗೊತ್ತಿದ್ದವು ಕಣಮ್ಮಿ. ಆ ಸೊನ್ನೆ ತುಂಬಕ್ಕೆ ಟೈಮ್ ಸಾಲ್ನಿಲ್ಲ."

ಒಂದೊಂದು ಉತ್ತರಕ್ಕೂ ಒಂದೊಂದು ಸಣ್ಣ ಸೊನ್ನೆಯನ್ನು ಪೆನ್ನಿನಿಂದ ಕಪ್ಪು ಮಾಡಬೇಕಿತ್ತು. ಏಳು ಸಲವೂ ಅವರಿಗೆ ಕೈಕೊಟ್ಟದ್ದು ಅದು ಎಂದು ನನಗೆ ಹೊಳೆದದ್ದು ಆಗ. ಹೆಚ್ಚಿನ ಸಮಯ ಕೇಳಬಹುದಿತ್ತಲ್ಲ ಎಂದೆ. "ಕೇಳ್ದೆ. ಎರಡು ಬೆರಳು ಹೋದದ್ದಕ್ಕೆಲ್ಲ ಸರ್ಟಿಫಿಕೇಟ್ ಕೊಡಕ್ಕಾಗಲ್ಲ ಅಂದ್ರು" ಎಂದು ಹೇಳಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು.

ನಾನು ಪಾಸಾದೆ. ಅವರು ಆಗಲಿಲ್ಲ. ಫಲಿತಾಂಶ ಬಂದ ದಿನ ನಾನು ಅವರಿಗೆ ಫೋನ್ ಮಾಡಲು ಹಿಂಜರಿಯುತ್ತಿದ್ದಾಗ ಅವರದೇ ಫೋನ್ ಬಂತು. "ಗೆದ್ಬುಟ್ಟೆ ಕಣಮ್ಮಿ! ನಿಮ್ಮಮ್ಮನಿಗೆ ಕೊಡು ಫೋನ" ಎಂದು ಕೂಗಿದರು. ಅಮ್ಮ ಫೋನ್ ಹಿಡಿದು ಸುಮ್ಮನೆ ಅಳುತ್ತಿದ್ದಳು. ಆ ಕಡೆಯಿಂದ ಅವರು ನಗುವುದು ನನಗೂ ಕೇಳಿಸುತ್ತಿತ್ತು.

ಇನ್ನು ಮುಂದಿನದನ್ನು ಹೇಳುವುದು ನನಗೆ ಕಷ್ಟ.

ಆ ವರ್ಷ ಅತಿಥಿ ಉಪನ್ಯಾಸಕರ ಆಯ್ಕೆಯಲ್ಲಿ ಅರ್ಹತಾ ಪರೀಕ್ಷೆ ಪಾಸಾದವರಿಗೇ ಮೊದಲ ಅವಕಾಶ ಎಂದಾಯಿತು. ನಾನೂ ಅರ್ಜಿ ಹಾಕಿದೆ. ಎಲ್ಲೆಲ್ಲಿ ಪಾಠದ ಗಂಟೆಗಳು ಖಾಲಿ ಇವೆ ಎಂಬ ಪಟ್ಟಿ ಕಂಪ್ಯೂಟರಿನಲ್ಲಿ ಬಂತು. ನನ್ನ ಸರದಿಗೆ ರಾಜ್ಯಶಾಸ್ತ್ರದಲ್ಲಿ ಉಳಿದಿದ್ದವು ಮೂರೇ ಜಾಗ. ಎರಡು ಉತ್ತರ ಕರ್ನಾಟಕದಲ್ಲಿ. ಮೂರನೆಯದು ಗುಂಡ್ಲುಪೇಟೆ ಕಡೆಯ ಆ ಕಾಲೇಜು. ಅಲ್ಲಿಯ ಗಂಟೆಗಳು ಯಾರವು ಎಂದು ನನಗೆ ಗೊತ್ತಿತ್ತು. ಅಮ್ಮ ಹಾಸ್ಟೆಲಿನ ದೊಡ್ಡ ಪಾತ್ರೆಗಳನ್ನು ಎತ್ತಿ ಎತ್ತಿ ಬೆನ್ನು ಹಿಡಿಸಿಕೊಂಡಿದ್ದಳು. ಅವಳನ್ನು ಬಿಟ್ಟು ದೂರ ಹೋಗುವಂತಿರಲಿಲ್ಲ. ಸರ್‌ಗೆ ಹಳಬರೆಂದು ಬೇರೆಲ್ಲಾದರೂ ಕೊಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರಿಗೊಂದು ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಆ ಹೆಸರಿನ ಮೇಲೆ ಒತ್ತಿದೆ. ಅವರಿಗೆ ಬೇರೆಲ್ಲೂ ಸಿಗಲಿಲ್ಲ.

ಕೆಲಸಕ್ಕೆ ಹಾಜರಾದ ದಿನ ಸ್ಟಾಫ್ ರೂಮಿನ ಬಾಗಿಲಿಗೆ ಹೋದಾಗ ಅವರು ತಮ್ಮ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳು, ಒಂದು ಕನ್ನಡಕದ ಡಬ್ಬಿ, ಮಾತ್ರೆಯ ಚೀಟಿ. ನನ್ನನ್ನು ನೋಡಿ ಎದ್ದು ನಿಂತರು.

"ಬನ್ನಿ ಮೇಡಂ."

ಐದಾರು ವರ್ಷ ನನ್ನನ್ನು ಅಮ್ಮಿ ಎಂದೇ ಕರೆದವರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅಲ್ಲಿ ಬೇರೆ ಅಧ್ಯಾಪಕರು ಕುಳಿತಿದ್ದರು, ಅವರೆದುರು ನನ್ನ ಗೌರವ ಉಳಿಯಬೇಕಿತ್ತು, ಅಷ್ಟೆ. 

ಅವರೇ ನನ್ನನ್ನು ಮೊದಲ ವರ್ಷದ ತರಗತಿಗೆ ಕರೆದುಕೊಂಡು ಹೋದರು. "ಇವರು ನನ್ನ ವಿದ್ಯಾರ್ಥಿನಿ. ನಾನು ಏಳು ಸಲ ಬರೆದು ಪಾಸಾಗದ ಪರೀಕ್ಷೆನ ಮೊದಲ ಸಲಕ್ಕೇ ಪಾಸ್ ಮಾಡಿದಾರೆ. ಇನ್ಮೇಲೆ ನಿಮಗೆ ಇವರೇ" ಎಂದರು. ಒಬ್ಬ ಹುಡುಗಿ, "ನೀವ್ ಬರಕಿಲ್ವಾ ಸರ್?" ಎಂದು ಕೇಳಿದಳು. ಸರ್ ಹಿಂದಿನ ಬೆಂಚಿಗೆ ಹೋಗಿ ವಿದ್ಯಾರ್ಥಿಗಳ ನಡುವೆ ಕುಳಿತರು. ನಾನು ನನ್ನ ಜೀವನದ ಮೊದಲ ಪಾಠ ಮಾಡಿದ್ದು ಹಾಗೆ, ಅವರ ಎದುರು. ಸಾರ್ವಭೌಮತ್ವದ ಬಗ್ಗೆ. ಏನು ಹೇಳಿದೆನೋ ಒಂದೂ ನೆನಪಿಲ್ಲ.

ಗಂಟೆ ಹೊಡೆದ ಮೇಲೆ ಅವರು ಕೈಚೀಲ ಹೆಗಲಿಗೇರಿಸಿಕೊಂಡು ಹತ್ತಿರ ಬಂದರು. "ಬೋರ್ಡ್ ಕಡೆ ತಿರುಗಿ ಮಾತಾಡ್ಬೇಡ. ಕೊನೇ ಬೆಂಚಿಗೆ ಕೇಳಲ್ಲ" ಎಂದು ಮೆಲ್ಲಗೆ ಹೇಳಿದರು. ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಕಾರಿಡಾರು ದಾಟಿ ಹೋಗಿದ್ದರು.

ಆಮೇಲೆ ಅವರು ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಕಚೇರಿಯ ಹೊರಗೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡಲು ಕುಳಿತರೆಂದು ಗೊತ್ತಾಯಿತು. ವಿಧವಾ ವೇತನ, ಪಹಣಿ ತಿದ್ದುಪಡಿ, ಜಾತಿ ಪ್ರಮಾಣಪತ್ರ. ನಾನು ಬಸ್ಸಿಳಿದು ಕಾಲೇಜಿನ ಆಟೋ ಹಿಡಿಯಲು ಆ ಕಚೇರಿಯ ಮುಂದೆಯೇ ಹೋಗಬೇಕಿತ್ತು. ಮೂರು ತಿಂಗಳು ನಾನು ಮಾರುಕಟ್ಟೆಯ ಹಿಂದಿನಿಂದ ಸುತ್ತಿ ಬಳಸಿ ಹೋದೆ. ಹೇಗೋ ಇದು ಅಮ್ಮನ ಕಿವಿಗೆ ಬಿತ್ತು.

"ನಮ್ ಮನ ಬಾಗ್ಲಲ್ಲಿ ಬಂದು ಕೈ ಮುಗ್ದ ಮನ್ಸ ಅವ್ರು" ಎಂದಳು ಅಮ್ಮ. "ಅವ್ರ್ ಮುಂದ ಓಗಿ ನಿಂತ್ಕಳಕ್ಕ ನಿಂಗ್ ಆಗ್ದಾ? ಇದ್ಕಾ ನಿನ್ನ ಓದ್ಸುದ್ದು?"

ಹೋದೆ. ಬಿಸಿಲಿಗೆ ಕಟ್ಟಿದ ಹಳೆಯ ಫ್ಲೆಕ್ಸಿನ ಕೆಳಗೆ ಕುಳಿತು ಅವರು ಒಬ್ಬ ಮುದುಕಿಗೆ ಅರ್ಜಿ ಬರೆಯುತ್ತಿದ್ದರು. ಬರೆದು ಮುಗಿಸಿ ಅದನ್ನು ಅವಳಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ಆಮೇಲೆ ಹೆಬ್ಬೆಟ್ಟು ಒತ್ತಿಸಿದರು. ನನ್ನನ್ನು ನೋಡಿ ಸ್ಟೂಲು ಎಳೆದುಕೊಟ್ಟರು.

"ಕೂತ್ಕ ಅಮ್ಮಿ. ರಾಜ್ಯ ಅಂದ್ರೇನು ಅಂತ ಹದಿನೆಂಟು ವರ್ಷ ಪಾಠ ಹೇಳ್ದೆ. ಈಗ ದಿನಾ ಅದರ ಬಾಗಿಲಲ್ಲೇ ಕೂತಿದ್ದೀನಿ. ಒಳಕ್ಕೆ ಹೋಗೋರು ಯಾರು, ಆಚೆಗೇ ನಿಂತೋರು ಯಾರು ಅಂತ ಚೆನ್ನಾಗಿ ಕಾಣ್ತದೆ."

ನಾನು ಸ್ಟೂಲಿನ ಮೇಲೆ ಕುಳಿತೆ. ಅವರೇ ಹೇಳಿದರು.

"ಬೇಜಾರಾಗಿತ್ತು ಕಣಮ್ಮಿ. ಆಗ್ನಿಲ್ಲ ಅಂದ್ರೆ ಸುಳ್ಳಾಯ್ತದೆ. ಮೂರು ದಿನ ಮನೆಯಿಂದ ಆಚೆ ಬರ್ನಿಲ್ಲ. ಆಮೇಲೆ ಅನ್ನಿಸ್ತು, ಪಾಠ ಮಾಡಕ್ಕೆ ಬರದೋರು ಯಾರಾದ್ರೂ ಬಂದು ಕೂತಿದ್ರೆ ನಾನು ಸಾಯೋವರೆಗೂ ಹೊಟ್ಟೆ ಉರ್ಕಬೇಕಾಗಿತ್ತು. ನೀನಾದ್ಯಲ್ಲ ಬುಡು."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಿಂಚಣಿ ನಿಂತುಹೋದ ಒಬ್ಬರು ಕಾಗದ ಹಿಡಿದು ಬಂದರು. ನಾನು ಎದ್ದು ಅವರಿಗೆ ಸ್ಟೂಲು ಬಿಟ್ಟುಕೊಟ್ಟೆ.

ಅದಾಗಿ ಕೆಲವೇ ತಿಂಗಳಿಗೆ ಅವರ ಕಿಡ್ನಿ ಕೆಟ್ಟಿರುವುದು ಗೊತ್ತಾಯಿತು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತಂತೆ. ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ವಾರಕ್ಕೆರಡು ಸಲ ಚಾಮರಾಜನಗರಕ್ಕೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಅರ್ಜಿಯ ಮೇಜು ನಿಂತಿತು. ನಾನು ನೋಡಲು ಹೋದಾಗ ಮೈಯ ರಕ್ತವೆಲ್ಲ ಕೊಳವೆಯಲ್ಲಿ ಹೊರಗೆ ಹೋಗಿ ಒಳಗೆ ಬರುತ್ತಿದ್ದರೂ, "ಯಾವ ಅಧ್ಯಾಯದಲ್ಲಿದ್ದೀಯೆ?" ಎಂದು ಕೇಳಿದರು.

"ಶಕ್ತಿ ಸಮತೋಲನ ಸರ್."

"ಹೆಂಗ್ ಹೇಳ್ತೀಯೆ? ಹೇಳು, ಕೇಳನ."

ನಾನು 'ದೇಶಗಳು ಯಾಕೆ ಒಂದರ ವಿರುದ್ಧ ಇನ್ನೆರಡು ಸೇರಿಕೊಳ್ಳುತ್ತವೆ, ಯಾರೂ ಅತಿ ಬಲಿಯದಂತೆ ಹೇಗೆ ನೋಡಿಕೊಳ್ಳುತ್ತವೆ' ಎಂದು ಅವರ ಮಂಚದ ಪಕ್ಕ ಕುಳಿತು ಮೆಲ್ಲಗೆ ಪಾಠ ಮಾಡಿದೆ. ಪಕ್ಕದ ಮಂಚದಲ್ಲಿ ಉಡಿಗಾಲ ಊರಿನ ರೈತರೊಬ್ಬರಿದ್ದರು. ನಾನು ಮುಗಿಸಿದ ಮೇಲೆ ಅವರು ಇತ್ತ ಹೊರಳಿ, "ಇನ್ನೊಂದ್ ಕಿತ ಏಳವ್ವ. ನಮ್ ಅಣ್ತಮ್ಮಂದ್ರ ಭಾಗದ ಜಗ್ಳನೂ ಇಂಗೇ ಅದ" ಎಂದರು. ಸರ್ ನಗಲು ಹೋಗಿ ಕೆಮ್ಮಿದರು. ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದರು.

ತೀರಿಕೊಂಡಾಗ ಅವರಿಗೆ ಐವತ್ತೆರಡು ವರ್ಷ. ಕುದೇರಿನ ಅವರಣ್ಣನ ಹೊಲದಲ್ಲಿ, ಅವರ ಕಡೆಯ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಹದಿನೆಂಟು ವರ್ಷಗಳಲ್ಲಿ ಅವರ ಕೈಯಲ್ಲಿ ಓದಿದ ವಿದ್ಯಾರ್ಥಿಗಳು ಬೈಕು ಬಸ್ಸುಗಳಲ್ಲಿ ಬಂದಿದ್ದರು. ಪೊಲೀಸ್ ಕಾನ್ಸ್‌ಟೇಬಲ್ ಆದವರು, ಅಂಗನವಾಡಿ ಟೀಚರ್ ಆದವರು, ಹೂವಿನ ಮಂಡಿಯಲ್ಲಿ ಲೆಕ್ಕ ಬರೆಯುವವರು. ಅಮ್ಮ ನನ್ನ ಜೊತೆ ಬಂದಿದ್ದಳು. ಒಂದು ಹಿಡಿ ಮಣ್ಣು ಹಾಕಿ, ಬಸ್ಸಿನವರೆಗೆ ನನ್ನ ಮುಂದೆ ಮುಂದೆ ನಡೆದಳು.

ಹನ್ನೆರಡು ದಿನ ಕಳೆದ ಮೇಲೆ ನಾನು ಗುಂಡ್ಲುಪೇಟೆಯ ಅವರ ಬಾಡಿಗೆ ಮನೆಗೆ ಹೋದೆ. ಅವರ ಹೆಂಡತಿ ಮನೆ ಖಾಲಿ ಮಾಡಲು ಕಾಗದಪತ್ರ ವಿಂಗಡಿಸುತ್ತಾ ನೆಲದ ಮೇಲೆ ಕುಳಿತಿದ್ದರು. ಕಾಲೇಜಿಗೆ ಸಂಬಂಧಿಸಿದ್ದು ಇದ್ದರೆ ನೀನೇ ನೋಡಮ್ಮ ಎಂದು ಒಂದು ಕಟ್ಟನ್ನು ನನ್ನ ಕಡೆ ತಳ್ಳಿದರು. ಅದರಲ್ಲಿ ವಕೀಲರಿಗೆ ಕೊಡುವ ವಕಾಲತ್ತಿನ ಫಾರಂ ಒಂದಿತ್ತು. ಸರ್ ಹೆಸರು, ವಿಳಾಸ ಎಲ್ಲ ಟೈಪಾಗಿತ್ತು. ಸಹಿಯ ಜಾಗ ಖಾಲಿ ಇತ್ತು.

"ಇದೇನಕ್ಕ?"

"ಪಟ್ಟಿ ಬಂದಾಗ ಕೆಲಸ ಕಳಕಂಡೋರೆಲ್ಲ ಸೇರ್ಕಂಡು ಕೋರ್ಟಿಗೆ ಹೋದ್ರಲ್ಲಮ್ಮ, ಆಗಿಂದು. ಮನೆಗೇ ತಂದ್ಕೊಟ್ಟಿದ್ರು. ಹೋದೋರಿಗೆ ಆ ವರ್ಷ ಅವರವರ ಜಾಗನೇ ಉಳಕತ್ತು."

"ಸರ್ ಯಾಕೆ ಹೋಗ್ಲಿಲ್ಲ?"

ಅವರು ಕೈಯಲ್ಲಿದ್ದ ಕಾಗದಗಳನ್ನು ನೆಲಕ್ಕೆ ತಟ್ಟಿ ಸಮ ಮಾಡಿದರು. ನನ್ನ ಮುಖ ನೋಡಲಿಲ್ಲ.

"ನಾನೂ ಕೇಳ್ದೆ ಕಣಮ್ಮ. ಮೂರು ದಿನ ಇದ ಮುಂದೆ ಇಟ್ಕಂಡು ಕೂತಿದ್ರು, ಊಟ ನಿದ್ದೆ ಇಲ್ದೆ. ಜಾಗ ಸಿಕ್ಕಿರೋರ ಹೆಸ್ರನ್ನ ಎದುರುಪಾರ್ಟಿ ಅಂತ ಬರೀಬೇಕಂತೆ. ಆ ಹುಡುಗಿ ಮೇಲೆ ನಾನು ಕೇಸ್ ಹಾಕನಾ ಅಂದ್ರು. ಆಮೇಲೆ ಆ ಮಾತೇ ಎತ್ನಿಲ್ಲ."

ನಾನು ಆ ಫಾರಮನ್ನು ಮಡಚಿ ಕಟ್ಟಿನೊಳಗೆ ಇಟ್ಟೆ. ಅವರು ಒಳಗೆ ಹೋಗಿ ಟೀ ಮಾಡಿಕೊಂಡು ಬಂದರು. ಇಬ್ಬರೂ ಕುಡಿದೆವು. ಸಂಜೆಯವರೆಗೆ ಕುಳಿತು ಅವರ ಜೊತೆ ಕಾಗದಗಳನ್ನು ವಿಂಗಡಿಸಿದೆ.

ನಾನು ಈಗಲೂ ಆ ಕಾಲೇಜಿನಲ್ಲೇ ಪಾಠ ಮಾಡುತ್ತೇನೆ. ಸರ್‌ಗೆ ನಾನು ಹೇಳಬೇಕಿದ್ದದ್ದು ಒಂದೇ ಮಾತು: ಗೊತ್ತಿದ್ದೇ ಒತ್ತಿದೆ, ಕ್ಷಮಿಸಿ ಎಂದು. ಅದನ್ನು ಹೇಳಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಸಮಯವಿತ್ತು. ಕಾಲೇಜಿಗೆ ಹೋಗುವಾಗ ದಿನಾ ಬಸ್ಸು ಬದಲಾಯಿಸಲು ನಾನು ಇಳಿಯುತ್ತಿದ್ದದ್ದು ಚಾಮರಾಜನಗರದಲ್ಲೇ. ಅವರು ವಾರಕ್ಕೆರಡು ಸಲ ಮಲಗಿರುತ್ತಿದ್ದ ಆಸ್ಪತ್ರೆಗೆ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಿತ್ತು. ನಾನು ಹೋದದ್ದು ನಾಲ್ಕು ಸಲ.